ಗೋಡೆ ಮೇಲೆ ದೊಡ್ಡ ಜೇಡವೇ? ಪೊರಕೆಗಿಂತ ಮೊದಲು ಟಾರ್ಚ್ ತನ್ನಿ

ರಾತ್ರಿ ಬಚ್ಚಲುಮನೆಯ ಲೈಟ್ ಹಾಕಿದರೆ ಗೋಡೆ ಮೇಲೆ ಅಂಗೈಯಗಲದ ಜೇಡ. ಕರಾವಳಿ, ಮಲೆನಾಡಿನವರಿಗೆ ಇದು ಹೊಸದೇನಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಕಾಣಿಸುತ್ತದೆ. ಕೂಡಲೇ ಒಬ್ಬರು ಪೊರಕೆಗೆ ಓಡುತ್ತಾರೆ, ಇನ್ನೊಬ್ಬರು ಜಿರಲೆ ಸ್ಪ್ರೇ ಹುಡುಕುತ್ತಾರೆ, ಮಕ್ಕಳು ಮಂಚ ಹತ್ತುತ್ತಾರೆ. ಐದು ನಿಮಿಷ ತಡೆದರೆ ಈ ಗಲಾಟೆಯಲ್ಲಿ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ. ಅದು ಯಾವ ಜೇಡ ಅಂತ ಮೊದಲು ತಿಳಿಯಬೇಕು. ಮುಂದಿನ ಕೆಲಸವೆಲ್ಲ ಅದರ ಮೇಲೆ.

ಹಂತ 1: ಎರಡು ಹೆಜ್ಜೆ ದೂರದಿಂದ ನೋಡಿ

ಟಾರ್ಚ್ ಅಥವಾ ಮೊಬೈಲ್ ಲೈಟ್ ಹಿಡಿದು ಮೂರು ಸಂಗತಿ ಗಮನಿಸಿ. ಬಲೆ ಇದೆಯೇ? ಮೈ ಚಪ್ಪಟೆಯೇ, ಉಬ್ಬಿದೆಯೇ? ಕಾಲುಗಳು ಯಾವ ಕಡೆಗೆ ಚಾಚಿವೆ?

ಬಲೆ ಇಲ್ಲ, ಮೈ ಚಪ್ಪಟೆ, ಕಾಲುಗಳು ಏಡಿಯ ಕಾಲಿನಂತೆ ಪಕ್ಕಕ್ಕೆ ಚಾಚಿವೆ, ಬಣ್ಣ ಕಂದು ಅಂತಾದರೆ ಅದು ಹೆಚ್ಚುಕಡಿಮೆ ಖಚಿತವಾಗಿ ಹಂಟ್ಸ್‌ಮನ್ ಜೇಡ. ವಿಜ್ಞಾನಿಗಳು ಇದನ್ನು ಹೆಟೆರೊಪೋಡಾ ವೆನಟೋರಿಯಾ ಅನ್ನುತ್ತಾರೆ. ನಮ್ಮ ಮನೆಗಳ ದೊಡ್ಡ ಜೇಡ ಎಂದರೆ ಬಹುಪಾಲು ಇದೇ. ಮೈ ಎರಡು, ಎರಡೂವರೆ ಸೆಂಟಿಮೀಟರ್ ಅಷ್ಟೇ. ಕಾಲು ಚಾಚಿ ಕೂತಾಗ ಮಾತ್ರ 10 ಸೆಂಟಿಮೀಟರ್ ದಾಟುವುದುಂಟು. ನಾವು ಬೆಚ್ಚಿಬೀಳುವುದು ಆ ಕಾಲುಗಳಿಗೆ.

ಇನ್ನಷ್ಟು ಗುರುತು ಬೇಕಿದ್ದರೆ ಮುಖ ನೋಡಿ. ಹೆಣ್ಣಿನ ಮುಖದ ಮೇಲೆ, ಕಣ್ಣುಗಳ ಕೆಳಗೆ, ಕೆನೆಬಣ್ಣದ ಅಡ್ಡಪಟ್ಟಿ ಇರುತ್ತದೆ. ಗಂಡು ತುಸು ಬಡಕಲು, ಕಾಲು ಉದ್ದ. ಹೊಟ್ಟೆಯ ಕೆಳಗೆ ಬಿಲ್ಲೆಯಂಥ ಬೆಳ್ಳಗಿನ ವಸ್ತು ಹಿಡಿದುಕೊಂಡಿದ್ದರೆ ಅದು ಮೊಟ್ಟೆಚೀಲ. ಒಂದು ಚೀಲದಲ್ಲಿ ನೂರಾರು ಮೊಟ್ಟೆ. ತಾಯಿ ಅದನ್ನು ಎಲ್ಲೂ ಇಡದೆ ಹೊತ್ತುಕೊಂಡೇ ತಿರುಗುತ್ತದೆ. ಮರಿ ಹೊರಬಂದ ಮೇಲೆ ತಮ್ಮ ಪಾಡಿಗೆ ಚದುರಿಹೋಗುತ್ತವೆ.

ಇದು ಬಲೆ ಕಟ್ಟಿ ಕಾಯುವ ಜೇಡ ಅಲ್ಲ. ಹಗಲು ಫೋಟೊ ಫ್ರೇಮಿನ ಹಿಂದೆ, ಕ್ಯಾಲೆಂಡರಿನ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ ಅವಿತಿರುತ್ತದೆ. ಚಪ್ಪಟೆ ಮೈ ಇರುವುದೇ ಅದಕ್ಕೆ. ರಾತ್ರಿ ಹೊರಬಂದು ಜಿರಲೆ ಬೇಟೆಯಾಡುತ್ತದೆ. ಬಾಳೆಗೊನೆ, ಸರಕುಗಳ ಜತೆ ಹಡಗು ಹತ್ತಿ ಇವತ್ತು ಜಗತ್ತಿನ ಬೆಚ್ಚಗಿನ ನಾಡುಗಳಲ್ಲೆಲ್ಲ ನೆಲೆ ನಿಂತಿದೆ. ಸ್ವೀಡನ್ನಿನ ಜೀವವಿಜ್ಞಾನಿ ಕಾರ್ಲ್ ಲಿನೇಯಸ್ ಇದಕ್ಕೆ ಹೆಸರಿಟ್ಟಿದ್ದು 1767ರಲ್ಲಿ.

ಇನ್ನೊಂದು ಮಾತು. ಮೂಲೆಯಲ್ಲಿ ಅಲುಗಾಡದ ‘ಸತ್ತ ಜೇಡ’ ಕಂಡರೆ ಅದು ಬರೀ ಪೊರೆ ಇರಬಹುದು. ಬೆಳೆಯುವಾಗ ಜೇಡಗಳು ಕಾಲು ಸಮೇತ ಇಡೀ ಪೊರೆ ಕಳಚುತ್ತವೆ. ಊದಿದರೆ ಹಾರಿಹೋಗುತ್ತದೆ. ಪೊರೆಯ ಒಡೆಯ ಹತ್ತಿರದಲ್ಲೇ, ಇನ್ನೂ ಸ್ವಲ್ಪ ದೊಡ್ಡದಾಗಿ, ಇದ್ದಾನು!

ಹಂತ 2: ಅದಲ್ಲದಿದ್ದರೆ ಯಾವುದು?

ಅಟ್ಟದ ಮೂಲೆಯಲ್ಲಿ ಕೂದಲಿನಷ್ಟು ಸಪೂರ ಕಾಲಿನ, ಮುಟ್ಟಿದರೆ ಗಡಗಡ ನಡುಗುವ ಜೇಡದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಬ್ಬಕ್ಕೆ ಮುಂಚೆ ಕೋಲಿಗೆ ಪೊರಕೆ ಕಟ್ಟಿ ನಾವು ತೆಗೆಯುವ ಇಲ್ಲಣದಲ್ಲಿ ಇದರ ಬಲೆಯೇ ಜಾಸ್ತಿ. ಕಿಟಕಿಯಲ್ಲಿ ನೆಗೆಯುತ್ತ, ನಮ್ಮನ್ನೇ ತಿರುಗಿ ನೋಡುವ ಪುಟ್ಟ ಜೇಡವೂ ನಿರಪಾಯಕಾರಿ. ನೆಲದ ಮೇಲೆ ಓಡಾಡುವ, ಬೆನ್ನಿನ ಮೇಲೆ ಮರಿಗಳನ್ನು ಹೊತ್ತ ಬೂದುಬಣ್ಣದ ಜೇಡ ಕಂಡರೆ ಅದು ತೋಟದಿಂದ ಬಂದ ವುಲ್ಫ್ ಸ್ಪೈಡರ್. ಇದನ್ನು ಚಪ್ಪಲಿಯಿಂದ ಹೊಡೆದರೆ ಬೆನ್ನ ಮೇಲಿನ ಮರಿಗಳೆಲ್ಲ ಒಮ್ಮೆಲೇ ಚೆಲ್ಲಾಪಿಲ್ಲಿಯಾಗಿ ಓಡುತ್ತವೆ. ಒಂದಕ್ಕೆ ಹೆದರಿದವರ ಪಾಡು ಆಮೇಲೆ ಹೇಳಬೇಕೇ?

ಅಂಗಳದಲ್ಲಿ ಮರದಿಂದ ಮರಕ್ಕೆ ಹೊಂಬಣ್ಣದ ದೊಡ್ಡ ಬಲೆ ಕಟ್ಟಿ ನಡುವೆ ಕೂತಿರುವುದು ನೆಫಿಲಾ ಜಾತಿಯ ಹೆಣ್ಣು. ಇದರ ಗಂಡು ಕೆಲವೇ ಮಿಲಿಮೀಟರ್ ಉದ್ದ. ಇದು ಮನೆಯೊಳಗೆ ವಾಸ ಮಾಡುವುದಿಲ್ಲ. ಓಡಾಡುವ ದಾರಿಗೆ ಅಡ್ಡ ಬಂದರೆ ಬಲೆಯ ಒಂದು ತುದಿ ಬಿಡಿಸಿ, ಸಾಕು.

ನಿಜವಾಗಿ ಎಚ್ಚರ ವಹಿಸಬೇಕಾದ್ದು ಟಾರಂಟುಲಾ ವಿಷಯದಲ್ಲಿ. ಮಲೆನಾಡು, ಕೊಡಗು, ಉತ್ತರ ಕನ್ನಡದಲ್ಲಿ ಕಾಡಂಚಿನ ಮನೆಗಳವರು ಇದನ್ನು ಕಂಡಿರುತ್ತಾರೆ. ಮೈ ಚಪ್ಪಟೆ ಅಲ್ಲ, ದಪ್ಪ. ಕಾಲುಗಳೂ ದಪ್ಪ, ಮೈತುಂಬ ಕೂದಲು. ಕೆಣಕಿದರೆ ಮುಂಗಾಲು ಎತ್ತಿ ನಿಲ್ಲುತ್ತದೆ. ಮರದ ಪೊಟರೆಯಲ್ಲಿ ಬಾಳುವ ಪೊಯೆಸಿಲೊಥೀರಿಯಾ ಗುಂಪಿನ ಜೇಡಗಳಿಗೆ ಬೂದುಬಣ್ಣದ ಮೈಮೇಲೆ ಚಿತ್ತಾರ, ಮುಂಗಾಲುಗಳ ಅಡಿಯಲ್ಲಿ ಹಳದಿ. ಇನ್ನು ಕೆಲವು ಜಾತಿಗಳು ದರೆಯ ಮಣ್ಣಿನಲ್ಲಿ ಬಿಲ ತೋಡಿ, ಒಳಗೆ ನೂಲು ಹಾಸಿಕೊಂಡಿರುತ್ತವೆ. ಮಳೆಗಾಲದ ಹೊತ್ತಿಗೆ ಬೆಳೆದ ಗಂಡುಗಳು ಹೆಣ್ಣನ್ನು ಹುಡುಕುತ್ತ ಅಲೆಯುತ್ತವೆ, ಹಾಗೇ ಕೆಲವು ಮನೆಗೂ ನುಗ್ಗುತ್ತವೆ. ಇವನ್ನು ಸಾಕುಪ್ರಾಣಿಯಾಗಿ ಮಾರುವ ವ್ಯವಹಾರ ಹೊರದೇಶಗಳಲ್ಲಿ ದೊಡ್ಡದು. ಪೊಯೆಸಿಲೊಥೀರಿಯಾ ಗುಂಪಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಲ್ಲಿ ನಿಯಂತ್ರಣ ಬಂತು.

ಹಂತ 3: ಇರಲಿ ಅನ್ನಬೇಕೋ, ಕಳಿಸಬೇಕೋ?

ಹಂಟ್ಸ್‌ಮನ್ ಆದರೆ ನನ್ನ ಸಲಹೆ ಒಂದೇ: ಉಗ್ರಾಣ, ಬಚ್ಚಲು, ಕಾರ್ ಶೆಡ್‌ನಲ್ಲಿದ್ದರೆ ಬಿಟ್ಟುಬಿಡಿ. ಅದು ಜಿರಲೆ ತಿನ್ನುತ್ತದೆ, ನಮ್ಮನ್ನು ಕಂಡರೆ ಓಡುತ್ತದೆ. ಮಲಗುವ ಕೋಣೆಯಲ್ಲಿದ್ದು ನಿಮಗೆ ನಿದ್ದೆ ಬಾರದಿದ್ದರೆ ಕಳಿಸಿ. ಹೆದರಿಕೆಯನ್ನು ಯಾರೂ ವಾದ ಮಾಡಿ ಗೆಲ್ಲಲಾರರು. ‘ಅಷ್ಟಕ್ಕೆಲ್ಲ ಹೆದರ್ತೀಯಾ’ ಅಂತ ಮಕ್ಕಳನ್ನು ಬೈಯುವುದಂತೂ ಪ್ರಯೋಜನಕ್ಕೆ ಬಾರದ ಕೆಲಸ.

ಸ್ಪ್ರೇ ಮಾತ್ರ ಬೇಡ. ಇಷ್ಟು ದೊಡ್ಡ ಜೇಡ ಸ್ಪ್ರೇ ತಾಗಿದ ಕೂಡಲೇ ಸಾಯುವುದಿಲ್ಲ. ದಿಕ್ಕು ತಪ್ಪಿ ಓಡುತ್ತದೆ, ಸೂರಿನಿಂದ ಕೆಳಗೆ ಬೀಳುತ್ತದೆ, ಕೆಲವೊಮ್ಮೆ ಸ್ಪ್ರೇ ಹೊಡೆದವರ ಮೇಲೆಯೇ. ವಿಷ ಹಾಸಿಗೆ, ಪಾತ್ರೆಗಳ ಮೇಲೆ ಕೂರುವುದು ಬೇರೆ.

ಹಂತ 4: ಡಬ್ಬಿ ಮತ್ತು ಮದುವೆ ಕಾಗದ

ಲೋಟದಲ್ಲಿ ಹಿಡಿಯಲು ಹೋಗಬೇಡಿ. ಬಾಯಿ ಸಣ್ಣದಾದರೆ ಕಾಲು ಅಂಚಿಗೆ ಸಿಕ್ಕಿ ಮುರಿಯುತ್ತದೆ. ಸ್ವೀಟ್ ಅಂಗಡಿಯಲ್ಲಿ ಕೊಡುವ ಅಗಲ ಬಾಯಿಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇದಕ್ಕೆ ಹೇಳಿಮಾಡಿಸಿದ್ದು. ಕೆಳಗೆ ತೂರಿಸಲು ದಪ್ಪ ಕಾರ್ಡ್ ಬೇಕು. ಮನೆಯಲ್ಲಿ ಹಳೆಯ ಮದುವೆ ಕಾಗದಕ್ಕೆ ಬರವಿಲ್ಲ, ಅಲ್ವಾ? ಡಬ್ಬಿಯ ಬಾಯಿಗಿಂತ ಅಗಲವಾದುದನ್ನು ಆರಿಸಿ.

ಫ್ಯಾನ್ ಆರಿಸಿ. ಗಾಳಿಯ ಅಲುಗಾಟ ಈ ಜೇಡಕ್ಕೆ ತಕ್ಷಣ ತಿಳಿಯುತ್ತದೆ, ಅದರ ಕಾಲಿನ ರೋಮಗಳೇ ಅದರ ಕಿವಿ. ಕೋಣೆಯ ಬಾಗಿಲು ಮುಚ್ಚಿ, ಮಂಚವನ್ನು ಗೋಡೆಯಿಂದ ತುಸು ಎಳೆಯಿರಿ. ಹತ್ತಿರ ಹೋಗುವಾಗ ಆತುರ ಬೇಡ, ಅದರ ಮೇಲೆ ಉಸಿರು ಬಿಡಬೇಡಿ. ಡಬ್ಬಿಯನ್ನು ಒಂದು ಗೇಣು ದೂರದವರೆಗೆ ಮೆಲ್ಲಗೆ ಒಯ್ದು, ಕೊನೆಗೆ ಚಟಕ್ಕನೆ ಗೋಡೆಗೆ ಒತ್ತಿ. ಅರ್ಧ ಮನಸ್ಸು ಮಾಡಿದರೆ ತಪ್ಪಿಸಿಕೊಳ್ಳುತ್ತದೆ. ಓಡುವುದರಲ್ಲಿ ಅದರ ಮುಂದೆ ನಾವು ಏನೂ ಅಲ್ಲ, ಅದೂ ಪಕ್ಕಕ್ಕೆ ಓಡುತ್ತದೆ.

ಅಂಚಿನಡಿ ಕಾಲು ಸಿಕ್ಕಿದ್ದರೆ ಡಬ್ಬಿಯನ್ನು ಕೂದಲೆಳೆಯಷ್ಟು ಸಡಿಲಿಸಿ. ಅದೇ ಒಳಗೆ ಎಳೆದುಕೊಳ್ಳುತ್ತದೆ. ಈಗ ಕಾರ್ಡನ್ನು ಗೋಡೆಗೆ ಒರೆಸಿದ ಹಾಗೆ ಒಂದು ಬದಿಯಿಂದ ತೂರಿಸುತ್ತ ಬನ್ನಿ. ಇಲ್ಲಿ ನಿಧಾನವೇ ಮುಖ್ಯ. ಪೂರ್ತಿ ಮುಚ್ಚಿದ ಮೇಲೆ ಕಾರ್ಡ್ ಸಮೇತ ಡಬ್ಬಿಯನ್ನು ಬಿಗಿಯಾಗಿ ಹಿಡಿದು ಹೊರಗೆ ಒಯ್ಯಿರಿ. ಈ ಜೇಡ ನುಣುಪಾದ ಪ್ಲಾಸ್ಟಿಕ್, ಗಾಜಿನ ಮೇಲೂ ಸಲೀಸಾಗಿ ಹತ್ತುತ್ತದೆ, ಆದ್ದರಿಂದ ಒಳಗೇ ಇರುತ್ತದೆ ಅಂತ ಮುಚ್ಚಳ ತೆರೆದು ತೋರಿಸಲು ಹೋಗಬೇಡಿ. ಮರದ ಬುಡ, ಕಾಂಪೌಂಡ್ ಗೋಡೆ, ಸೌದೆ ರಾಶಿ, ಎಲ್ಲಾದರೂ ಸರಿ. ಡಬ್ಬಿಯ ಬಾಯಿ ನಿಮ್ಮಿಂದ ಆಚೆಗಿರಲಿ. ಹೆದರಿ ಮೊಟ್ಟೆಚೀಲ ಕೆಳಗೆ ಹಾಕಿದ್ದರೆ ಅದನ್ನೂ ಕಾರ್ಡಿನಲ್ಲೇ ಎತ್ತಿ ಪಕ್ಕದಲ್ಲಿಡಿ.

ಸೂರಿನಲ್ಲಿ ಕೂತಿದ್ದರೆ ಸ್ಟೂಲ್ ಹತ್ತುವ ಸಾಹಸ ಬೇಡ. ಜೇಡದಿಂದ ಆಗುವ ಅನಾಹುತಕ್ಕಿಂತ ಸ್ಟೂಲಿನಿಂದ ಬಿದ್ದು ಆಗುವುದು ದೊಡ್ಡದು. ಕಾಯಿರಿ, ಅಥವಾ ಉದ್ದ ಪೊರಕೆಯಿಂದ ಮೆಲ್ಲಗೆ ತೆರೆದ ಕಿಟಕಿಯ ಕಡೆ ಸಾಗಿಸಿ. ಕತ್ತಲೆಯಲ್ಲಿ ಎಲ್ಲಿ ಹೋಯಿತು ಅಂತ ತಿಳಿಯದಿದ್ದರೆ ಟಾರ್ಚನ್ನು ನಿಮ್ಮ ಕಣ್ಣಿನ ಎತ್ತರದಲ್ಲಿ ಹಿಡಿದು ಸುತ್ತ ನೋಡಿ. ಅದರ ಕಣ್ಣು ಮಿಣಕ್ ಅನ್ನುತ್ತದೆ.

ಟಾರಂಟುಲಾ ಆದರೆ ಲೆಕ್ಕವೇ ಬೇರೆ. ನೆಲದ ಮೇಲಿದ್ದರೆ ಬಕೆಟ್ ಬೋರಲು ಹಾಕಿ, ಮೇಲೆ ಭಾರ ಇಡಿ. ಮಕ್ಕಳು, ನಾಯಿ, ಬೆಕ್ಕನ್ನು ಬೇರೆ ಕೋಣೆಗೆ ಕಳಿಸಿ. ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೋ, ಊರಲ್ಲಿ ಹಾವು ಹಿಡಿಯುವವರಿಗೋ ಫೋನ್ ಮಾಡಿ. ಬರಿಗೈಲಿ ಮುಟ್ಟುವುದು, ಫೋಟೊಗಾಗಿ ಕಡ್ಡಿಯಿಂದ ತಿವಿಯುವುದು ಬೇಡವೇ ಬೇಡ.

ಹಂತ 5: ಮತ್ತೆ ಮತ್ತೆ ಬರುತ್ತಿದ್ದರೆ

ಮನೆಯಲ್ಲಿ ದೊಡ್ಡ ಜೇಡ ಪದೇ ಪದೇ ಕಾಣುತ್ತಿದೆ ಎಂದರೆ ತಿನ್ನಲು ಏನೋ ಸಿಗುತ್ತಿದೆ ಅಂತ ಅರ್ಥ. ಆದ್ದರಿಂದ ಕೆಲಸ ಜಿರಲೆಯಿಂದ ಶುರುವಾಗಲಿ. ರಾತ್ರಿ ಹಸಿ ಕಸ ಒಳಗೆ ಉಳಿಸಬೇಡಿ, ಬಚ್ಚಲ ಮೋರಿಗೆ ಜಾಲರಿ ಹಾಕಿ, ಫ್ರಿಜ್ ಮತ್ತು ಗ್ಯಾಸ್ ಸಿಲಿಂಡರಿನ ಹಿಂಬದಿ ಒಣಗಿರಲಿ. ರಾತ್ರಿಯಿಡೀ ಉರಿಯುವ ಹೊರಗಿನ ಬಿಳಿ ದೀಪ ಹುಳಗಳನ್ನು ಕರೆಯುತ್ತದೆ. ಹಳದಿ ಬೆಳಕಿನ ಬಲ್ಬಿಗೆ ಹುಳ ಕಮ್ಮಿ. ಬಾಗಿಲಡಿಗೆ ರಬ್ಬರ್ ಪಟ್ಟಿ, ಎಕ್ಸಾಸ್ಟ್ ಫ್ಯಾನಿಗೆ ಬಲೆ, ಎಸಿ ಪೈಪಿನ ತೂತಿಗೆ ಸಿಮೆಂಟ್. ಪುದೀನ ಎಣ್ಣೆ, ನಿಂಬೆರಸ ಸಿಂಪಡಿಸುವ ಉಪಾಯಗಳನ್ನು ನೆಚ್ಚಿಕೊಳ್ಳಬೇಡಿ.

ಹೆಂಚಿನ ಮನೆಯಲ್ಲಿ ಎಲ್ಲ ಸಂದಿ ಮುಚ್ಚುವುದು ಆಗದ ಮಾತು. ಅಲ್ಲಿ ಮಂಚ ಗೋಡೆಗೆ ತಾಗದಿರಲಿ. ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಸೌದೆ, ತೆಂಗಿನ ಸಿಪ್ಪೆಯ ರಾಶಿ ಗೋಡೆಯಿಂದ ದೂರವಿರಲಿ. ಗೂಟಕ್ಕೆ ಸಿಕ್ಕಿಸಿದ ಬಟ್ಟೆ, ಹೆಲ್ಮೆಟ್, ಶೂಗಳನ್ನು ಕೊಡವಿಯೇ ಹಾಕಿಕೊಳ್ಳಿ. ಕಚ್ಚಿಸಿಕೊಳ್ಳುವವರು ಸಾಮಾನ್ಯವಾಗಿ ಜೇಡವನ್ನು ಬಟ್ಟೆಯೊಳಗೆ ಒತ್ತಿದವರೇ.

ಹಂತ 6: ಕಚ್ಚಿದರೆ, ಅಥವಾ ಕಚ್ಚಿದಂತೆ ಅನ್ನಿಸಿದರೆ

ಹಂಟ್ಸ್‌ಮನ್ ಕಚ್ಚಿದರೆ ಉರಿ, ಕೆಂಪು, ಸಣ್ಣ ಊತ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೊಯ್ಯುವುದು, ಬಿಗಿದು ಕಟ್ಟುವುದು, ಸುಣ್ಣ ಹಚ್ಚುವುದು ಬೇಡ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ, ಕೆಂಪು ಹರಡುತ್ತ ಹೋದರೆ ಅಥವಾ ಗಾಯ ಕಪ್ಪಗಾದರೆ ವೈದ್ಯರಿಗೆ ತೋರಿಸಿ. ಪೊಯೆಸಿಲೊಥೀರಿಯಾ ಕಚ್ಚಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಇದರಿಂದ ಸ್ನಾಯುಗಳು ಜೋರಾಗಿ ಸೆಳೆಯುತ್ತವೆ. ಸೆಳೆತ ಕೆಲವು ಗಂಟೆ ಬಿಟ್ಟು ಶುರುವಾಗುವುದೂ ಇದೆ.

ಜೇಡದ ತಲೆಗೆ ಕಟ್ಟುವ ಅಪವಾದಗಳೂ ಕಮ್ಮಿಯಿಲ್ಲ. ಬೆಳಿಗ್ಗೆ ಎದ್ದಾಗ ಕತ್ತು, ಕೈ ಮೇಲೆ ಗೀರು ಎಳೆದಂತೆ ಉರಿಯುವ ಗುಳ್ಳೆಗಳಿದ್ದರೆ ‘ಜೇಡ ಹರಿದಿದೆ’ ಅನ್ನುತ್ತೇವೆ. ಮಳೆಗಾಲದಲ್ಲಿ ಬಹಳ ಸಲ ಅದು ಪೀಡೆರಸ್ ಎಂಬ ದುಂಬಿಯ ಕೆಲಸ. ಒಂದು ಸೆಂಟಿಮೀಟರೂ ಇಲ್ಲದ, ಇರುವೆಯನ್ನು ಹೋಲುವ, ಕಪ್ಪು ಮತ್ತು ಕಿತ್ತಳೆ ಪಟ್ಟೆಯ ಹುಳ. ದೀಪಕ್ಕೆ ಬರುತ್ತದೆ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ನಾವು ಉಜ್ಜಿಬಿಡುತ್ತೇವೆ, ಅದರೊಳಗಿನ ರಸ ಚರ್ಮ ಸುಡುತ್ತದೆ. ಉರಿ ಮರುದಿನ ಕಾಣುವುದರಿಂದ ನಿಜವಾದ ಕಳ್ಳ ಸಿಗುವುದೇ ಇಲ್ಲ. ಈ ಹುಳ ಕೂತರೆ ಊದಿ ಹಾರಿಸಿ, ಸೋಪು ಹಾಕಿ ತೊಳೆಯಿರಿ.

ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಎದ್ದು, ಒಳಗಿನಿಂದ ನೋವಿದ್ದರೆ ಅದು ಸರ್ಪಸುತ್ತು ಇರಬಹುದು. ಹಿಂದೆ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸೇ ಮತ್ತೆ ತಲೆಯೆತ್ತುವ ಕಾಯಿಲೆ ಇದು. ಇದಕ್ಕೆ ಔಷಧ ಇದೆ, ಗುಳ್ಳೆ ಎದ್ದ ಮೂರು ದಿನದೊಳಗೆ ಶುರು ಮಾಡಿದರೆ ಹೆಚ್ಚು ಗುಣ. ಮಂತ್ರ ಹಾಕಿಸಲು ತಿರುಗಿ ಆ ಮೂರು ದಿನ ಕಳೆಯಬೇಡಿ.

ಎಲ್ಲಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ನೆಲದ ಮೇಲೆ ಮಲಗಿದ್ದಾಗ ರಾತ್ರಿ ಏನೋ ಚುಚ್ಚಿದಂತಾಗುತ್ತದೆ. ಊತ ಇಲ್ಲ, ನೋವೂ ಅಷ್ಟಾಗಿ ಇಲ್ಲ. ‘ಜೇಡವೋ, ಹುಳವೋ’ ಅಂದುಕೊಂಡು ಮತ್ತೆ ಮಲಗುತ್ತಾರೆ. ಕಟ್ಟುಹಾವು, ಅಂದರೆ ಕಡಂಬಳ, ಕಚ್ಚುವುದು ಹೀಗೆಯೇ. ಗುರುತೂ ಕಾಣದಿರಬಹುದು. ಆಮೇಲೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟ, ಮಾತು ತೊದಲುವುದು ಶುರುವಾದರೆ ಬೆಳಗಾಗಲು ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಅಲ್ಲಿ ‘ಜೇಡ ಕಚ್ಚಿದೆ’ ಅನ್ನಬೇಡಿ. ಕಣ್ಣಾರೆ ಕಾಣದಿದ್ದರೆ ‘ಏನು ಕಚ್ಚಿತೋ ಗೊತ್ತಿಲ್ಲ, ನೆಲದ ಮೇಲೆ ಮಲಗಿದ್ದೆ, ಇಷ್ಟು ಗಂಟೆಗೆ ಚುಚ್ಚಿದ ಹಾಗಾಯಿತು’ ಅಂತಲೇ ಹೇಳಿ.