ಡಿಗ್ರಿ ಮುಗಿಸೋದಾ, ಬಿಡೋದಾ? ಟಿಸಿ ಕೇಳುವ ಮುಂಚೆ ಹಾಕಬೇಕಾದ ಲೆಕ್ಕ

ನಮ್ಮ ದಾವಣಗೆರೆ-ಚಿತ್ರದುರ್ಗದ ಕಡೆ ಕಾಲೇಜು ಬಿಡುವುದು ಅಂದರೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಬಿಡುವುದಲ್ಲ. ಮೆಕ್ಕೆಜೋಳ ಮುರಿಯುವಾಗ ಹದಿನೈದು ದಿನ ಅಂತ ಊರಿಗೆ ಹೋದ ಹುಡುಗ ತಿಂಗಳಾದರೂ ಬರುವುದಿಲ್ಲ. ಚಳ್ಳಕೆರೆ ಕಡೆಯಾದರೆ ಶೇಂಗಾ, ಚನ್ನಗಿರಿ ಕಡೆಯಾದರೆ ಅಡಿಕೆ. ಆಮೇಲೆ ಅಟೆಂಡೆನ್ಸ್ ಶಾರ್ಟೇಜ್, ಹಾಲ್ ಟಿಕೆಟ್ ಇಲ್ಲ, ಮುಖ ತೋರಿಸಲು ನಾಚಿಕೆ, ಅಲ್ಲಿಗೆ ಮುಗಿಯಿತು. ಯಾರೂ ಏನನ್ನೂ ತೀರ್ಮಾನ ಮಾಡಿರುವುದಿಲ್ಲ. ಬಿಡುವುದು ತಪ್ಪಲ್ಲ, ಕೆಲವರಿಗೆ ಅದೇ ಸರಿ. ಆದರೆ ಹೀಗೆ ಸುಮ್ಮನೆ ನಿಂತುಹೋಗುವುದರಿಂದ ಆಗುವ ನಷ್ಟ ಲೆಕ್ಕ ಹಾಕಿ ಬಿಟ್ಟವರಿಗೆ ಆಗುವುದಿಲ್ಲ.

ಮೊದಲು ಬಿಡಬೇಕು ಅನ್ನಿಸುತ್ತಿರುವುದು ಯಾಕೆ ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ‘ಕಾಲೇಜು ಬೇಜಾರು’ ಅನ್ನುವುದು ಉತ್ತರವಲ್ಲ. ‘ಎರಡನೇ ಸೆಮಿಸ್ಟರ್‌ನ ಅಕೌಂಟ್ಸ್ ಮೂರು ಸಲ ಹೋಗಿದೆ’, ‘ಜಗಳೂರಿನಿಂದ ಬರುವ ಬಸ್ಸಿಗೆ ಮೊದಲ ಕ್ಲಾಸ್ ಸಿಗಲ್ಲ’, ‘ಅಪ್ಪನ ಕೈ ಸಾಲದಲ್ಲಿದೆ’, ‘ಬೆಂಗಳೂರಿನಲ್ಲಿ ಕೆಲಸ ಇದೆ ಅಂತ ಮಾವ ಫೋನ್ ಮಾಡಿದ್ದಾರೆ’. ಇಂಥವು ಉತ್ತರ. ಇವುಗಳಲ್ಲಿ ಮೊದಲ ಮೂರಕ್ಕೆ ಕಾಲೇಜು ಬಿಡದೆಯೇ ದಾರಿ ಇರಬಹುದು. ರಾತ್ರಿ ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವುದೇ ಕಾರಣವಾದರೆ ಈ ತಿಂಗಳು ತೀರ್ಮಾನವೇ ಬೇಡ. ಟೆಲಿ ಮಾನಸ್‌ನ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ಉಳಿದಿರುವುದು ಎಷ್ಟು?

ಕಟ್ಟಿದ ಫೀಸು, ಕಳೆದ ಎರಡು ವರ್ಷ, ಇವನ್ನು ಲೆಕ್ಕದಿಂದ ತೆಗೆದುಹಾಕಿ. ಉಳಿದರೂ ಬಿಟ್ಟರೂ ಅವು ವಾಪಸ್ ಬರುವುದಿಲ್ಲ. ನೋಡಬೇಕಾದ್ದು ಮುಂದೆ ಎಷ್ಟು ಬಾಕಿ ಇದೆ ಅನ್ನುವುದು ಮಾತ್ರ.

ಫಲಿತಾಂಶ ಸಿಗುವ ವಿಶ್ವವಿದ್ಯಾನಿಲಯಗಳ ಪೋರ್ಟಲ್ ಯುಯುಸಿಎಂಎಸ್‌ಗೆ ಲಾಗಿನ್ ಆಗಿ ಎಲ್ಲ ಸೆಮಿಸ್ಟರ್‌ಗಳ ಫಲಿತಾಂಶ ತೆಗೆಯಿರಿ. ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ: ಫೇಲಾದ ವಿಷಯ, ಅದು ಎಷ್ಟನೇ ಸೆಮಿಸ್ಟರ್‌ನದು, ಹೋಗಿದ್ದು ಥಿಯರಿಯಲ್ಲೋ ಇಂಟರ್ನಲ್ಸ್‌ನಲ್ಲೋ. ಈ ಮೂರನೇ ಕಾಲಂ ಮುಖ್ಯ. ಥಿಯರಿ ಹೋಗಿದ್ದರೆ ಪರೀಕ್ಷಾ ಫೀಸು ಕಟ್ಟಿ ಮತ್ತೆ ಬರೆದರಾಯಿತು. ಇಂಟರ್ನಲ್ಸ್ ಅಥವಾ ಅಟೆಂಡೆನ್ಸ್‌ನಿಂದ ಹೋಗಿದ್ದರೆ ಆ ಸೆಮಿಸ್ಟರ್‌ಗೇ ಮತ್ತೆ ಸೇರಬೇಕಾಗಿ ಬರಬಹುದು, ಅದಕ್ಕೆ ಬೇರೆ ಫೀಸು, ಬೇರೆ ಆರು ತಿಂಗಳು.

ಇನ್ನೊಂದು ಸಿಕ್ಕು ಸೆಮಿಸ್ಟರ್‌ನ ಬೆಸ-ಸಮ ಲೆಕ್ಕದ್ದು. ಎಷ್ಟೋ ಕಡೆ 1, 3, 5ನೇ ಸೆಮಿಸ್ಟರ್‌ಗಳ ಪರೀಕ್ಷೆ ಒಟ್ಟಿಗೆ, 2, 4, 6ರದ್ದು ಒಟ್ಟಿಗೆ. ಹಾಗಿರುವಲ್ಲಿ ಐದನೇ ಸೆಮಿಸ್ಟರ್‌ನ ಒಂದೇ ವಿಷಯ ಹೋದರೂ ಅದನ್ನು ಬರೆಯಲು ಒಂದು ವರ್ಷ ಕಾಯಬೇಕು. ಕೊನೆ ವರ್ಷದವರಿಗೆ ಪೂರಕ ಪರೀಕ್ಷೆ ಇದೆಯೇ ಅಂತ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಸೇರಿದಂದಿನಿಂದ ಎಷ್ಟು ವರ್ಷದೊಳಗೆ ಡಿಗ್ರಿ ಮುಗಿಸಬೇಕು ಅನ್ನುವುದನ್ನೂ ಅಲ್ಲೇ ಕೇಳಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳು 2009ರಲ್ಲಿ ಆದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರುತ್ತವೆ, ಇಂಜಿನಿಯರಿಂಗ್ ವಿಟಿಯುಗೆ. ಎರಡರ ನಿಯಮ ಬೇರೆ ಬೇರೆ. ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಗೆಳೆಯ ಹೇಳಿದ್ದು ಬಿಕಾಂ ಹುಡುಗನಿಗೆ ಹೊಂದುವುದಿಲ್ಲ. ಬಾಯಿಮಾತಿಗೆ ನಂಬದೆ ಸುತ್ತೋಲೆ ತೋರಿಸಿ ಅನ್ನಿ. ಗುಮಾಸ್ತರು ಗೊಣಗಿದರೂ ತೋರಿಸುತ್ತಾರೆ.

ನಮ್ಮ ಅಂದಾಜು ಹೀಗೆ: ಉಳಿದಿರುವುದು ಎರಡು ಸೆಮಿಸ್ಟರ್‌ಗಿಂತ ಕಡಿಮೆ, ಬಾಕಿ ವಿಷಯ ನಾಲ್ಕರೊಳಗೆ ಇದ್ದರೆ ಮುಗಿಸಿಬಿಡುವುದೇ ಅಗ್ಗ. ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ವಿಷಯ ಹೋಗಿ, ಓದುತ್ತಿರುವ ವಿಷಯವೇ ಬೇಡ ಅನ್ನಿಸಿದ್ದರೆ ಎಳೆದಾಡುವುದಕ್ಕಿಂತ ಬೇಗ ಬಿಟ್ಟು ಬೇರೆ ಕಡೆ ಸೇರುವುದು ಮೇಲು. ನಡುವೆ ಇರುವವರಿಗೆ, ಅಂದರೆ ಮೂರು ಅಥವಾ ನಾಲ್ಕನೇ ಸೆಮಿಸ್ಟರ್‌ನವರಿಗೆ, ಮುಂದಿನ ಲೆಕ್ಕಗಳು ಬೇಕಾಗುತ್ತವೆ.

ಅಟೆಂಡೆನ್ಸ್ ಗಣಿತ

ಶೇ 75 ಅಂತ ಎಲ್ಲರಿಗೂ ಗೊತ್ತು. ಅದನ್ನು ವಿಷಯವಾರು ನೋಡುತ್ತಾರೆ ಅನ್ನುವುದು ಹಲವರಿಗೆ ಗೊತ್ತಾಗುವುದು ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ. ಒಂದು ವಿಷಯಕ್ಕೆ ಸೆಮಿಸ್ಟರ್‌ನಲ್ಲಿ 60 ಕ್ಲಾಸ್ ಅಂದುಕೊಳ್ಳಿ. 45ಕ್ಕೆ ಇರಲೇಬೇಕು, ತಪ್ಪಿಸಲು ಇರುವುದು 15. ಇಲ್ಲಿಯವರೆಗೆ 40 ಕ್ಲಾಸ್ ಆಗಿ ಅದರಲ್ಲಿ 20 ತಪ್ಪಿದ್ದರೆ, ಉಳಿದ 20ಕ್ಕೂ ಹಾಜರಾದರೂ ಸಿಗುವುದು 40, ಅಂದರೆ ಶೇ 67. ಇನ್ನು ದಿನಾ ಓಡಿ ಬಂದರೂ ಆ ವಿಷಯ ತುಂಬುವುದಿಲ್ಲ. ಹಳ್ಳಿಯಿಂದ ಬರುವವರಿಗೆ ಪೆಟ್ಟು ಕೊಡುವುದು ಬೆಳಗಿನ ಮೊದಲ ಕ್ಲಾಸ್: ಬಸ್ಸು ದಿನಾ ಇಪ್ಪತ್ತು ನಿಮಿಷ ತಡ, ಹೋಗುವುದು ಯಾವಾಗಲೂ ಅದೊಂದೇ ವಿಷಯ. ಸೆಮಿಸ್ಟರ್ ಶುರುವಾದ ಎರಡನೇ ವಾರದಲ್ಲೇ ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಹೇಳಿದರೆ ವೇಳಾಪಟ್ಟಿ ಅಥವಾ ಸೆಕ್ಷನ್ ಬದಲಾಗುವ ಸಾಧ್ಯತೆ ಇದೆ, ಹದಿನಾಲ್ಕನೇ ವಾರ ಹೇಳಿದರೆ ಇಲ್ಲ. ಕಾಯಿಲೆಯಿಂದ ತಪ್ಪಿದ್ದರೆ ವೈದ್ಯರ ಪತ್ರವನ್ನು ಆ ವಾರವೇ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ.

ದುಡ್ಡು

ದುಡ್ಡೇ ಕಾರಣವಾದರೆ ಮೊದಲು ಬರಬೇಕಾದದ್ದು ಬಂದಿದೆಯೇ ನೋಡಿ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಅರ್ಜಿ ಹಾಕಿದರೆ ಮುಗಿಯಲಿಲ್ಲ. ಹಣ ನಿಲ್ಲುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಇಷ್ಟೇ: ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ, ಆಧಾರ್‌ನಲ್ಲಿರುವ ಹೆಸರಿಗೂ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಇನಿಷಿಯಲ್ ವ್ಯತ್ಯಾಸ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಇಲ್ಲವೇ ಕಾಲೇಜಿನ ಹಂತದಲ್ಲಿ ದೃಢೀಕರಣ ಆಗಿಲ್ಲ. ಕೊನೆಯದು ನಿಮ್ಮ ಕೈಯಲ್ಲಿಲ್ಲ, ಆದರೆ ವಾರಕ್ಕೊಮ್ಮೆ ಹೋಗಿ ಕೇಳುವುದು ನಿಮ್ಮ ಕೈಯಲ್ಲಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಊಟ-ವಸತಿಗೆ ಹಣ ಬರುತ್ತದೆ. ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದ ಹುಡುಗಿಯರು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ನೋಡಬೇಕು, ವರ್ಷಕ್ಕೆ 30,000. ಆದರೆ ಅರ್ಜಿ ಮೊದಲ ವರ್ಷದಲ್ಲೇ. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ‘ದುಡ್ಡಿಲ್ಲ’ ಅಂತ ಮಗಳ ಓದು ನಿಲ್ಲಿಸುವ ಮನೆಗಳಲ್ಲಿ ಆ ಮಾತಿನ ಹಿಂದೆ ಗಂಡು ನೋಡುವ ಮಾತು ಅಡಗಿದೆಯೇ ಅಂತಲೂ ಕೇಳಿ ತಿಳಿಯಬೇಕು. ಅದಕ್ಕೆ ವಿದ್ಯಾರ್ಥಿವೇತನ ಮದ್ದಲ್ಲ.

ಶಿಕ್ಷಣ ಸಾಲ ಇರುವವರಿಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ನಡುವೆ ಬಿಟ್ಟರೆ ಆ ರಿಯಾಯಿತಿ ಮೊಟಕಾಗಿ ಕಂತು ಬೇಗ ಶುರುವಾಗಬಹುದು. ಸಾಲಕ್ಕೆ ಸಹಿ ಹಾಕಿರುವವರು ಅಪ್ಪ, ಬ್ಯಾಂಕಿನವರು ಫೋನ್ ಮಾಡುವುದೂ ಅವರಿಗೇ. ಬಿಡುವ ಮುಂಚೆ ಬ್ಯಾಂಕಿಗೆ ಹೋಗಿ ಕೇಳಿ.

ಕೈಯಲ್ಲಿ ಕೆಲಸ ಇದ್ದರೆ

ಬೆಂಗಳೂರಿನ ಕೆಲಸಕ್ಕೆ 16,000 ಸಂಬಳ ಅಂತ ಹೇಳಿದ್ದಾರೆ ಅಂದುಕೊಳ್ಳಿ. ಅದರಲ್ಲಿ 15,000ದ ಮೇಲೆ ಪಿಎಫ್ ಶೇ 12 ಹಿಡಿದರೆ 1,800, ಇಎಸ್‌ಐ ಶೇ 0.75 ಅಂದರೆ 120. ಕೈಗೆ ಬರುವುದು 14,080. ರೂಮು, ಊಟ, ಓಡಾಟಕ್ಕೆ 9,000 ಅಂತ ಇಟ್ಟರೆ ಉಳಿಯುವುದು ಐದು ಸಾವಿರ ಚಿಲ್ಲರೆ. ಡಿಗ್ರಿಗೆ ಇನ್ನು 18 ತಿಂಗಳು ಬಾಕಿ ಇದ್ದರೆ, ಓದಿಗೆ ಕೂತದ್ದರಿಂದ ತಪ್ಪಿಹೋಗುವ ಹಣ ಸುಮಾರು 91,000. ‘16,000ದಂತೆ ಹದಿನೆಂಟು ತಿಂಗಳಿಗೆ ಮೂರು ಲಕ್ಷ ಹೋಯಿತು’ ಅನ್ನುವುದು ಹುಸಿ ಲೆಕ್ಕ. ಆ 91,000ಕ್ಕೆ ಉಳಿದ ಫೀಸು, ಇಲ್ಲಿನ ರೂಮು-ಊಟ ಸೇರಿಸಿ: ಅದೇ ಡಿಗ್ರಿ ಮುಗಿಸುವುದಕ್ಕೆ ಇಂದಿನಿಂದ ಬೀಳುವ ನಿಜವಾದ ಬೆಲೆ. ಸಂಖ್ಯೆಗಳು ಉದಾಹರಣೆಗೆ, ನಿಮ್ಮವನ್ನು ಹಾಕಿಕೊಳ್ಳಿ.

ಕೆಲಸ ಕೊಡುವವರು ಕಂಪನಿಯೋ, ಗುತ್ತಿಗೆದಾರನೋ? ನೇಮಕಾತಿ ಪತ್ರ ಯಾರ ಹೆಸರಿನಲ್ಲಿ? ಎರಡು ವರ್ಷದಿಂದ ಅಲ್ಲೇ ಇರುವವರ ಸಂಬಳ ಈಗ ಎಷ್ಟು? ಹೊಸಬರಿಗೆ 16,000 ಕೊಟ್ಟು ಹಳಬರಿಗೆ 17,500 ಕೊಡುವ ಕಡೆ ಹೋಗಲು ಕಾಲೇಜು ಬಿಡಬೇಕಾಗಿಲ್ಲ. ಆ ಕೆಲಸ ಡಿಗ್ರಿ ಮುಗಿದ ಮೇಲೂ ಸಿಗುತ್ತದೆ. ಕಸುಬು ಕಲಿಸುವ ಜಾಗ, ವರ್ಷ ವರ್ಷಕ್ಕೆ ಕೈ ಮತ್ತು ಸಂಬಳ ಎರಡೂ ಬೆಳೆಯುವ ಜಾಗವಾದರೆ ಮಾತು ಬೇರೆ. ಹರಿಹರದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಂಥಲ್ಲಿ ಟೂಲಿಂಗ್ ಕಲಿತವನಿಗೆ ಅರ್ಧಂಬರ್ಧ ಬಿಎಗಿಂತ ಬೇಗ ಕೆಲಸ ಸಿಗುವುದು ಸಹಜ.

ಡಿಗ್ರಿ ಇಲ್ಲದಿದ್ದರೆ ಮುಚ್ಚುವ ಬಾಗಿಲುಗಳನ್ನೂ ನೋಡಿ. ಪಿಯುಸಿ ಸಾಕು ಅನ್ನುವವು: ಪೊಲೀಸ್ ಕಾನ್‌ಸ್ಟೆಬಲ್, ಎಸ್‌ಡಿಎ, ಗ್ರಾಮ ಆಡಳಿತಾಧಿಕಾರಿ. ಡಿಗ್ರಿ ಬೇಕೇಬೇಕು ಅನ್ನುವವು: ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್, ಬ್ಯಾಂಕ್ ಕ್ಲರ್ಕ್. ಬಿಎಡ್‌ಗೂ, ಮೂರು ವರ್ಷದ ಎಲ್‌ಎಲ್‌ಬಿಗೂ ಡಿಗ್ರಿ ಬೇಕು. ಇಲ್ಲಿ ಶೇ 90ರಷ್ಟು ಡಿಗ್ರಿ ಅನ್ನುವುದಿಲ್ಲ: ಅಧಿಸೂಚನೆಯಲ್ಲಿ ಹೇಳಿದ ದಿನದೊಳಗೆ ಎಲ್ಲ ವಿಷಯ ಪಾಸಾಗಿರಬೇಕು, ಒಂದು ಬಾಕಿ ಇದ್ದರೂ ನೀವು ಪಿಯುಸಿಯವರೇ. ಯುವನಿಧಿಯ ನಿರುದ್ಯೋಗ ಭತ್ಯೆ, ತಿಂಗಳ 3,000 ಕೂಡ ಪಾಸಾದವರಿಗೆ ಮಾತ್ರ. ದಾವಣಗೆರೆಯ ಕೋಚಿಂಗ್ ಸೆಂಟರಿನಲ್ಲಿ ಕೂತು ಪಿಎಸ್‌ಐಗೆ ಓದುತ್ತಾ ಬಿಎಯ ಎರಡು ವಿಷಯ ಬಾಕಿ ಬಿಟ್ಟಿರುವವರು ಕೋಚಿಂಗ್ ಪುಸ್ತಕ ಮುಚ್ಚಿ ಮೊದಲು ಆ ಎರಡನ್ನು ಕಟ್ಟಬೇಕು.

ನಡುವಿನ ದಾರಿಗಳು

ಕಾಲೇಜು ಬಿಡುವುದೂ ಡಿಗ್ರಿ ಬಿಡುವುದೂ ಒಂದೇ ಅಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತಲೇ ಬಿಎ, ಬಿಕಾಂ ಓದಬಹುದು. ಜುಲೈ ಮತ್ತು ಜನವರಿ ಆವೃತ್ತಿಯ ಪ್ರವೇಶ ಇರುತ್ತದೆ, ದಾವಣಗೆರೆಯಲ್ಲೇ ಪ್ರಾದೇಶಿಕ ಕೇಂದ್ರ ಇದೆ. ಆದರೆ ಅಲ್ಲಿ ಮೊದಲ ವರ್ಷದಿಂದ ಶುರು ಮಾಡಬೇಕಾಗಿ ಬರಬಹುದು. ಹಾಗಾಗಿ ಐದನೇ ಸೆಮಿಸ್ಟರ್‌ನವರಿಗೆ ಇದು ಲಾಭವಲ್ಲ, ಮೊದಲ ವರ್ಷದವರಿಗೆ ಲಾಭ. ಯಾವುದೇ ದೂರಶಿಕ್ಷಣಕ್ಕೆ ದುಡ್ಡು ಕಟ್ಟುವ ಮುಂಚೆ ಆ ಕೋರ್ಸಿಗೆ ಆ ವರ್ಷಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಮಾನ್ಯತೆ ಇದೆಯೇ ನೋಡಿ. ‘ಫೇಲಾದವರು ಒಂದೇ ವರ್ಷದಲ್ಲಿ ಡಿಗ್ರಿ’ ಅಂತ ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸಿರುವ ಚೀಟಿಯ ನಂಬರಿಗೆ ಫೋನ್ ಮಾಡಬೇಡಿ, ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ನೀವು.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ, ಪಾಸಾದ ವಿಷಯಗಳಿಗೆ ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೆ ಉಳಿಯುತ್ತದೆ. ಉಳಿಯುತ್ತದೆ ಅಂದ ಮಾತ್ರಕ್ಕೆ ಬೇರೆ ವಿಶ್ವವಿದ್ಯಾನಿಲಯ ಅದನ್ನು ಒಪ್ಪಲೇಬೇಕು ಅಂತಿಲ್ಲ, ಅದು ಅವರ ಇಷ್ಟ. ಎನ್‌ಇಪಿ ಪಠ್ಯಕ್ರಮದಲ್ಲಿ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಅಂತ ಇತ್ತು. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ನೀವು ಯಾವ ಪಠ್ಯಕ್ರಮಕ್ಕೆ ಸೇರಿದವರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸರ್ಕಾರಿ ನೌಕರಿಗೆ ಡಿಗ್ರಿ ಕೇಳುವಲ್ಲಿ ಆ ಸರ್ಟಿಫಿಕೇಟ್ ನಡೆಯುವುದಿಲ್ಲ.

ಮನೆಯಲ್ಲಿ ಮಾತಾಡುವಾಗ ‘ಅಪ್ಪಾ, ನಾನು ಕಾಲೇಜು ಬಿಡ್ತೀನಿ’ ಅಂತ ಶುರು ಮಾಡಬೇಡಿ. ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಬಾಕಿ ವಿಷಯದ ಹಾಳೆ, ದುಡ್ಡಿನ ಹಾಳೆ ಎರಡನ್ನೂ ಮುಂದಿಟ್ಟು ‘ಇದನ್ನ ನೋಡಪ್ಪ, ಏನು ಮಾಡೋಣ’ ಅನ್ನಿ. ಊಟದ ಹೊತ್ತು ಬೇಡ, ನೆಂಟರ ಎದುರಂತೂ ಬೇಡವೇ ಬೇಡ.

ಬಿಡುವುದೇ ಆದರೆ

ನಡೆಯುತ್ತಿರುವ ಸೆಮಿಸ್ಟರ್‌ನ ಪರೀಕ್ಷೆ ಬರೆದೇ ಬಿಡಿ. ಐದಾರು ವಾರ ತಡೆದರೆ ಅಷ್ಟು ಕ್ರೆಡಿಟ್ ಕೈಗೆ ಬರುತ್ತದೆ. ನಂತರ ಪ್ರಿನ್ಸಿಪಾಲರಿಗೆ ದಿನಾಂಕ, ರಿಜಿಸ್ಟರ್ ನಂಬರ್, ಸೆಮಿಸ್ಟರ್ ಹಾಕಿ ‘ಸದ್ಯಕ್ಕೆ ಓದು ನಿಲ್ಲಿಸುತ್ತಿದ್ದೇನೆ, ಮುಂದೆ ಮರುಪ್ರವೇಶ ಕೇಳಿಕೊಳ್ಳುತ್ತೇನೆ’ ಅಂತ ಅರ್ಜಿ ಬರೆದು ಸ್ವೀಕೃತಿ ಸೀಲು ಪಡೆಯಿರಿ. ಟಿಸಿ ಅವಸರದಲ್ಲಿ ತೆಗೆಯಬೇಡಿ. ಬೇರೆ ಕಡೆ ಸೇರುವಾಗ ಮಾತ್ರ ಅದು ಬೇಕು, ಒಮ್ಮೆ ತೆಗೆದರೆ ಅದೇ ಕಾಲೇಜಿಗೆ ಮರಳುವುದು ಕಷ್ಟ. ಲೈಬ್ರರಿ, ಲ್ಯಾಬ್, ಹಾಸ್ಟೆಲ್‌ನ ನೋ ಡ್ಯೂ ಮುಗಿಸಿ, ಪ್ರತಿ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಡಿಜಿಲಾಕರ್‌ನಲ್ಲೂ ಬಂದಿದೆಯೇ ನೋಡಿ. ಎಸ್ಸೆಸ್ಸೆಲ್ಸಿ, ಪಿಯುಸಿಯ ಮೂಲ ಅಂಕಪಟ್ಟಿ ಕಾಲೇಜಿನಲ್ಲಿ ಉಳಿದಿದ್ದರೆ ವಾಪಸ್ ಕೇಳಿ. ಮೂಲ ದಾಖಲೆ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ.

ಅದೇ 2018ರ ಸೂಚನೆಯಲ್ಲಿ ಮೊದಲ ವರ್ಷಕ್ಕೆ ಈಗಷ್ಟೇ ಸೇರಿದವರ ಫೀಸು ವಾಪಸಾತಿಯ ಲೆಕ್ಕವೂ ಇದೆ. ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ, ಅದರಲ್ಲಿ ಸಂಸ್ಕರಣಾ ಶುಲ್ಕ ಮಾತ್ರ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಇದ್ದರೆ ಶೇ 90. ಕೊನೆ ದಿನ ಕಳೆದು 15 ದಿನದೊಳಗೆ ಶೇ 80, 16ರಿಂದ 30 ದಿನದೊಳಗೆ ಶೇ 50, ಆಮೇಲೆ ಸೊನ್ನೆ. ಮೊದಲ ವರ್ಷದವರು ಅನುಮಾನದಲ್ಲಿದ್ದರೆ ಕ್ಯಾಲೆಂಡರ್‌ನಲ್ಲಿ ಆ ಮೂವತ್ತನೇ ದಿನಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಅರ್ಜಿ ಕೊಟ್ಟ ದಿನವೇ ಲೆಕ್ಕಕ್ಕೆ ಬರಬೇಕಾದರೆ ಕಚೇರಿಯ ಸೀಲಿನಲ್ಲಿ ತಾರೀಖು ಕಾಣುವಂತಿರಲಿ, ಬರೀ ಸಹಿ ಹಾಕಿ ಕಳಿಸಿದರೆ ಒಪ್ಪಬೇಡಿ.