ಇನ್‌ಸೋಲ್‌ನೊಳಗೆ ಸೆನ್ಸರ್ ಇಟ್ಟು ಪಾದದ ಒತ್ತಡ ಅಳೆಯುವುದು

ಶೂ ಒಳಗಿನ ಅಟ್ಟೆಯಲ್ಲಿ (ಇನ್‌ಸೋಲ್) ಒಂದು ಕಾಲಿಗೆ ನಾಲ್ಕು ಎಫ್‌ಎಸ್‌ಆರ್ 402 ಸೆನ್ಸರ್ (ಒತ್ತಿದಷ್ಟೂ ರೋಧ ಇಳಿಯುವ ತೆಳು ಬಿಲ್ಲೆ) ಸಾಕು: ಹಿಮ್ಮಡಿ, ಹೆಬ್ಬೆರಳು, ಹೆಬ್ಬೆರಳಿನ ಬುಡದ ಗುಬುಟು, ಕಿರುಬೆರಳಿನ ಬುಡ. ಜಾಗ ಊಹಿಸಬೇಡಿ. ಒದ್ದೆ ಕಾಲನ್ನು ಕಾಗದದ ಮೇಲೆ ಊರಿ, ಅಚ್ಚು ನೋಡಿ ಗುರುತು ಹಾಕಿ.

ಪ್ರತಿ ಸೆನ್ಸರ್‌ನ ಒಂದು ತುದಿ 3.3 ವೋಲ್ಟ್‌ಗೆ, ಇನ್ನೊಂದು ತುದಿ ಇಎಸ್‌ಪಿ32ರ (ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್) ಅನಲಾಗ್ ಪಿನ್‌ಗೆ, ಅಲ್ಲಿಂದಲೇ ಒಂದು ರೆಸಿಸ್ಟರ್ ಗ್ರೌಂಡ್‌ಗೆ. ಎಲ್ಲರೂ 10 ಕಿಲೋಓಮ್ ಹಾಕುತ್ತಾರೆ, ಹಿಮ್ಮಡಿಗೆ ಅದು ತಪ್ಪು. ಭಾರ ಬಿದ್ದಾಗ ಸೆನ್ಸರ್‌ನ ರೋಧ ಕೆಲವು ನೂರು ಓಮ್‌ಗೆ ಇಳಿದು ರೀಡಿಂಗ್ ಗರಿಷ್ಠವಾದ 4095ರ ಹತ್ತಿರವೇ ಅಂಟಿಕೊಳ್ಳುತ್ತದೆ. ಅಲ್ಲಿಗೆ 1 ಕಿಲೋಓಮ್ ಹಾಕಿ. ಪಿನ್ 32ರಿಂದ 35ರವರೆಗಿನವನ್ನೇ ಬಳಸಿ. ಇವು ವೋಲ್ಟೇಜನ್ನು ಅಂಕಿಯಾಗಿಸುವ ಮೊದಲ ಘಟಕದ (ಎಡಿಸಿ1) ಪಿನ್‌ಗಳು; ವೈಫೈ ಚಾಲೂ ಇದ್ದಾಗ ಎರಡನೆಯ ಘಟಕದ, ಅಂದರೆ ಎಡಿಸಿ2 ಪಿನ್‌ಗಳನ್ನು ನೆಚ್ಚಿಕೊಳ್ಳುವಂತಿಲ್ಲ.

ಸೆನ್ಸರ್ ಬಾಲಕ್ಕೆ ನೇರ ಬೆಸುಗೆ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಬೆಸುಗೆಯಿಲ್ಲದೆ ಇಕ್ಕಳದಿಂದ ಅದುಮಿ ಕೂರಿಸುವ ಕ್ರಿಂಪ್ ಕನೆಕ್ಟರ್ ಒತ್ತಿ. ಬಾಲದ ತುದಿಯಲ್ಲಿ ಗಾಳಿ ಆಡುವ ಕಿಂಡಿಯಿದೆ, ಅದನ್ನು ಅಂಟಿನಿಂದ ಮುಚ್ಚಿದರೆ ಪದರಗಳ ನಡುವೆ ಗಾಳಿ ಸಿಕ್ಕಿ ಅಳತೆ ಕೆಡುತ್ತದೆ. ಬೆರಳ ಬಳಿ ಶೂ ಮಡಚುವ ಗೆರೆಯ ಮೇಲೆ ಸೆನ್ಸರ್ ಬಂದರೆ ಕಾಲೂರದಿದ್ದರೂ ಒತ್ತಡ ತೋರಿಸುತ್ತದೆ.

ಕ್ಯಾಲಿಬ್ರೇಷನ್‌ಗೆ, ಅಂದರೆ ಯಾವ ರೀಡಿಂಗ್ ಎಷ್ಟು ಒತ್ತಡ ಎಂದು ತಿಳಿಯಲು, ಸೆನ್ಸರ್ ಮೇಲೆ 12 ಮಿಲಿಮೀಟರ್ ವ್ಯಾಸದ ರಬ್ಬರ್ ಬಿಲ್ಲೆ ಇಟ್ಟು 1, 2, 5, 10 ಕೆಜಿ ಹೇರಿ. ಪ್ರತಿ ಕೆಜಿಗೆ ಸುಮಾರು 87 ಕಿಲೋಪಾಸ್ಕಲ್. ಭಾರ ಹಾಗೇ ಬಿಟ್ಟರೆ ರೀಡಿಂಗ್ ತಾನಾಗಿಯೇ ಏರುತ್ತಾ ಹೋಗುತ್ತದೆ, ಹಾಗಾಗಿ ಪ್ರತಿ ಸಲವೂ ಭಾರ ಹೇರಿದ 5 ಸೆಕೆಂಡಿಗೆ ಸರಿಯಾಗಿ ಬರೆದುಕೊಳ್ಳಿ. ನಡಿಗೆಗೆ ಸೆಕೆಂಡಿಗೆ 100 ರೀಡಿಂಗ್ ಧಾರಾಳ. ಶೂ ಹಾಕಿ ಐದು ನಿಮಿಷ ಓಡಾಡಿದ ಮೇಲೆ ದಾಖಲಿಸಿ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇದನ್ನು ತೊಡಿಸಬೇಡಿ. ತಂತಿಯ ಗಂಟು ಒತ್ತಿ ಹುಣ್ಣಾದರೂ ಅವರಿಗೆ ಗೊತ್ತಾಗದು.