ಬಾಯಿ ಕ್ಯಾನ್ಸರಿನ ಒಂದೊಂದೇ ಕೋಶವನ್ನು ಓದಲು ಹೊರಟಾಗ

ಸಿಂಗಲ್ ಸೆಲ್ ಸೀಕ್ವೆನ್ಸಿಂಗ್, ಅಂದರೆ ಒಂದೊಂದೇ ಕೋಶದಲ್ಲಿ ಯಾವ ಜೀನ್ ಚಾಲೂ ಇದೆ ಎಂದು ಓದುವ ಕೆಲಸ, ಮಾಡುತ್ತೇನೆ ಎಂದರೆ ಜನ ಮೊದಲು ಯಂತ್ರದ ಬೆಲೆ ಕೇಳುತ್ತಾರೆ. ಯಂತ್ರ ಬೆಂಗಳೂರಿನಲ್ಲಿದೆ, ಹಣ ಕಟ್ಟಿದರೆ ಕೆಲಸ ಮಾಡಿಕೊಡುತ್ತಾರೆ. ಹುಬ್ಬಳ್ಳಿಯಲ್ಲಿ ಕುಳಿತು ಬಾಯಿ ಕ್ಯಾನ್ಸರಿನ ಮೇಲೆ ಈ ಕೆಲಸ ಮಾಡಿದ ನನಗೆ ಕಷ್ಟವಾದದ್ದು ಗಡ್ಡೆ ದೇಹದಿಂದ ಹೊರಬಂದ ಮೊದಲ ಒಂದು ಗಂಟೆ. ಆಗ ಯಾವ ಕೋಶ ಬದುಕಿತು, ಯಾವುದು ಸತ್ತಿತು ಎಂಬುದರ ಮೇಲೆಯೇ ಮುಂದೆ ಪರದೆಯಲ್ಲಿ ಕಾಣುವ ಬಣ್ಣದ ನಕ್ಷೆ ನಿಂತಿರುತ್ತದೆ.

ವಿಧಾನವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗಡ್ಡೆಯ ತುಣುಕನ್ನು ಬಿಡಿ ಕೋಶಗಳಾಗಿ ಮಾಡಿ, ಎಣ್ಣೆಯೊಳಗಿನ ಪುಟ್ಟ ನೀರಹನಿಗಳಲ್ಲಿ ಒಂದೊಂದನ್ನು ಸೇರಿಸುತ್ತಾರೆ. ಪ್ರತಿ ಹನಿಯಲ್ಲೂ ಒಂದು ಜೆಲ್ ಮಣಿ. ಅದರ ಮೇಲಿನ ಬಾರ್‌ಕೋಡ್ ಆ ಕೋಶದ ಆರ್‌ಎನ್‌ಎ ಪ್ರತಿಗಳಿಗೆಲ್ಲ, ಅಂದರೆ ಚಾಲೂ ಇರುವ ಜೀನ್‌ಗಳ ನಕಲುಗಳಿಗೆಲ್ಲ, ಅಂಟಿಕೊಳ್ಳುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲಕ್ಕೆ ಲಾಟ್ ಸಂಖ್ಯೆ ಬಿದ್ದ ಮೇಲೆ ಯಾವ ಮೆಣಸಿನಕಾಯಿ ಯಾರದ್ದು ಎಂಬ ಗೊಂದಲ ಇರುವುದಿಲ್ಲವಲ್ಲ, ಹಾಗೆ. ಹಳೆಯ ಪದ್ಧತಿಯಲ್ಲಿ ಗಡ್ಡೆಯನ್ನು ಇಡಿಯಾಗಿ ಅರೆದು ಸರಾಸರಿ ನೋಡುತ್ತಿದ್ದೆವು. ಕ್ಯಾನ್ಸರ್ ಕೋಶ, ರಕ್ತನಾಳ, ರೋಗನಿರೋಧಕ ಕೋಶ ಎಲ್ಲವೂ ಬೆರೆತುಹೋಗುತ್ತಿದ್ದವು. ಒಂದೇ ಕೋಶದ ಆರ್‌ಎನ್‌ಎಯನ್ನು ಇಡಿಯಾಗಿ ಓದುವ ಕೆಲಸ ಮೊದಲು ಪ್ರಕಟವಾದದ್ದು 2009ರಲ್ಲಿ, ಇಲಿಯ ಭ್ರೂಣದ ಕೋಶದ ಮೇಲೆ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೇ ಬರೆದೆವು. ಆದರೂ ಓದಿ ಹೇಳಬೇಕಾಗುತ್ತಿತ್ತು. ಹಾವೇರಿ ಕಡೆಯಿಂದ ಬಂದಿದ್ದ ರೋಗಿಯೊಬ್ಬರ ಹೆಂಡತಿ ಕೇಳಿದರು: "ಇದರಿಂದ ನಮ್ಮ ಯಜಮಾನರಿಗೆ ಗುಣವಾಗುತ್ತದೆಯೇ, ಸಾಹೇಬರೇ?" "ಇಲ್ಲ ಅವ್ವಾ, ಅವರ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ಮುಂದೆ ಬರುವವರಿಗೆ ಉಪಯೋಗವಾಗಬಹುದು" ಎಂದೆ. ಅವರು ಸ್ವಲ್ಪ ಯೋಚಿಸಿ, ಗಂಡನನ್ನು ಕೇಳಿ, ಹೂಂ ಎಂದರು. ಇದಕ್ಕಿಂತ ಹೆಚ್ಚಿನ ಆಸೆ ತೋರಿಸಿ ಸಹಿ ಪಡೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ತುಣುಕಿನ ಮೇಲೆ ಮೊದಲ ಹಕ್ಕು ರೋಗಶಾಸ್ತ್ರಜ್ಞರದು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲವೇ ಎಂದು ನೋಡಲು ಅವರಿಗೆ ಬೇಕಾದಷ್ಟು ಸಿಕ್ಕ ಮೇಲೆ, ಅವರೇ ಕೊಟ್ಟ ಭಾಗ ನಮಗೆ. ಅದು ತಣ್ಣನೆಯ ದ್ರಾವಣದಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ನಮ್ಮ ಕೋಣೆಗೆ ಬರುತ್ತಿತ್ತು. ಬಾಯಿಯ ಗಡ್ಡೆ ಎಂದರೆ ಬ್ಯಾಕ್ಟೀರಿಯಾಗಳ ಮನೆ. ಪ್ರತಿಜೈವಿಕ ಬೆರೆಸಿದ ದ್ರಾವಣದಲ್ಲಿ ಹಲವು ಸಲ ತೊಳೆಯಬೇಕು. ಕೊಳೆತ ನಡುಭಾಗವನ್ನು ಬ್ಲೇಡಿನಿಂದ ತೆಗೆದುಹಾಕಬೇಕು. ಆಮೇಲೆ ಸಣ್ಣಗೆ ಹೆಚ್ಚಿ, ಅಂಗಾಂಶದ ನಾರನ್ನು ಕರಗಿಸುವ ಕೊಲಾಜಿನೇಸ್ ಕಿಣ್ವದೊಂದಿಗೆ 37 ಡಿಗ್ರಿಯಲ್ಲಿ ಇಡುವುದು.

ತೊಡಕು ಶುರುವಾಗುವುದು ಇಲ್ಲಿಯೇ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದಿರುತ್ತದೆ. ಬಾಯಿ ಎರಡು ಬೆರಳಗಲ ತೆರೆಯುವುದೂ ಕಷ್ಟ. ಅಂಥ ಅಂಗಾಂಶ ಪುಸ್ತಕದಲ್ಲಿ ಹೇಳಿದ ಸಮಯಕ್ಕೆ ಬಿಡಿಯಾಗುವುದಿಲ್ಲ. ಕಿಣ್ವದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕೋಶಗಳು ಗಾಬರಿಯಾಗಿ ಫಾಸ್, ಜೂನ್ ಮುಂತಾದ ಒತ್ತಡದ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಅದನ್ನು ಕ್ಯಾನ್ಸರಿನ ಗುಣವೆಂದು ಓದುವುದು ಬಹಳ ಸುಲಭ. ಬೇಗ ನಿಲ್ಲಿಸಿದರೆ ಸಡಿಲವಾಗಿ ಕುಳಿತ ಟಿ ಕೋಶಗಳು (ಒಂದು ಬಗೆಯ ರೋಗನಿರೋಧಕ ಕೋಶ) ಧಾರಾಳವಾಗಿ ಬರುತ್ತವೆ, ನಾರನ್ನು ತಯಾರಿಸುವ, ಅದರೊಳಗೇ ಸಿಕ್ಕಿಕೊಂಡ ಫೈಬ್ರೊಬ್ಲಾಸ್ಟ್‌ಗಳು ಅಲ್ಲಿಯೇ ಉಳಿಯುತ್ತವೆ. ಹಾಗಾಗಿ "ಈ ಗಡ್ಡೆಯಲ್ಲಿ ಶೇಕಡಾ ಇಷ್ಟು ಟಿ ಕೋಶ" ಎಂಬ ಲೆಕ್ಕವನ್ನು ನಾನು ಅರ್ಧವಷ್ಟೇ ನಂಬುತ್ತೇನೆ.

ಬೆಂಗಳೂರಿಗೆ ನಾನೂರು ಕಿಲೋಮೀಟರ್. ಜೀವಂತ ಕೋಶಗಳು ಅಷ್ಟು ದೂರದ ಪ್ರಯಾಣವನ್ನು ಸಹಿಸುವುದು ಕಡಿಮೆ. ಕೊನೆಗೆ ನಾವು ಎರಡು ದಾರಿ ಇಟ್ಟುಕೊಂಡೆವು. ಹೆಚ್ಚಿನ ಮಾದರಿಗಳನ್ನು ದ್ರವ ಸಾರಜನಕದಲ್ಲಿ ತಕ್ಷಣ ಹೆಪ್ಪುಗಟ್ಟಿಸಿ, ಡ್ರೈ ಐಸ್ ಪೆಟ್ಟಿಗೆಯಲ್ಲಿ ಕಳುಹಿಸಿ, ಅಲ್ಲಿ ಕೋಶಕೇಂದ್ರಗಳನ್ನು ಮಾತ್ರ ಬಿಡಿಸಿ ಓದುವುದು ಒಂದು ದಾರಿ. ದ್ರವ ಸಾರಜನಕ ಎಲ್ಲಿ ಸಿಗುತ್ತದೆ ಎಂದು ಹುಡುಕುವಾಗ ನೆರವಾದವರು ಪಶುವೈದ್ಯ ಮಿತ್ರರು. ಎಮ್ಮೆ, ಹಸುಗಳ ಕೃತಕ ಗರ್ಭಧಾರಣೆಯ ವೀರ್ಯದ ನಳಿಕೆಗಳು ಇರುವುದು ಅದೇ ಕ್ಯಾನುಗಳಲ್ಲಿ. ಕೋಶಕೇಂದ್ರದ ದಾರಿಯಲ್ಲಿ ಫೈಬ್ರೊಬ್ಲಾಸ್ಟ್‌ಗಳು ಚೆನ್ನಾಗಿ ಕಾಣುತ್ತವೆ, ಒತ್ತಡದ ಸದ್ದು ಇಳಿಯುತ್ತದೆ, ಆದರೆ ರೋಗನಿರೋಧಕ ಕೋಶಗಳ ವಿವರ ತೆಳುವಾಗುತ್ತದೆ. ಇನ್ನೊಂದು ದಾರಿ: ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಬೆಳಗಿನ ಮೊದಲ ರೋಗಿಯಾಗಿದ್ದರೆ ಮಾತ್ರ ಒಂದು ಭಾಗವನ್ನು ತಾಜಾ ಕೋಶವಾಗಿ ಬಿಡಿಸಿ, ಮೆಥನಾಲ್‌ನಲ್ಲಿ ಸ್ಥಿರಗೊಳಿಸಿ ಕಳುಹಿಸುತ್ತಿದ್ದೆವು.

ವಿಶ್ಲೇಷಣೆಯಲ್ಲಿ ಹೆಚ್ಚು ಹೊತ್ತು ತಿಂದದ್ದು ಕೋಶಗಳ ಒಂದು ಗುಂಪು. 2017ರಲ್ಲಿ ಅಮೆರಿಕದ ಸಂಶೋಧಕರು 18 ರೋಗಿಗಳ ತಲೆ-ಕುತ್ತಿಗೆ ಗಡ್ಡೆಗಳ ಸುಮಾರು 6,000 ಕೋಶಗಳನ್ನು ಓದಿ, ಗಡ್ಡೆಯ ಅಂಚಿನ ಕೆಲವು ಕ್ಯಾನ್ಸರ್ ಕೋಶಗಳು ಅರ್ಧ ಚಲನಶೀಲ ರೂಪ ತಾಳುತ್ತವೆ, ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡುವುದಕ್ಕೂ ಅದಕ್ಕೂ ನಂಟಿದೆ ಎಂದು ತೋರಿಸಿದ್ದರು. ನಮ್ಮಲ್ಲೂ ಕೆರಟಿನ್ (ಹೊರಪದರದ ಕೋಶಗಳ ಗುರುತು) ಮತ್ತು ವಿಮೆಂಟಿನ್ (ಫೈಬ್ರೊಬ್ಲಾಸ್ಟ್‌ನಂಥ ಚಲನಶೀಲ ಕೋಶಗಳ ಗುರುತು) ಎರಡೂ ಇರುವ ಕೋಶಗಳು ಕಂಡಾಗ ತಂಡದ ಕಿರಿಯರಿಗೆ ಸಂಭ್ರಮ. ನನಗೆ ಅನುಮಾನ. ಒಂದೇ ಹನಿಯಲ್ಲಿ ಒಂದು ಕ್ಯಾನ್ಸರ್ ಕೋಶ, ಒಂದು ಫೈಬ್ರೊಬ್ಲಾಸ್ಟ್ ಸೇರಿದರೂ ಹೀಗೆಯೇ ಕಾಣುತ್ತದೆ. ನಾವು ಬಳಸಿದ ಹನಿ ವಿಧಾನದಲ್ಲಿ 10,000 ಕೋಶ ಹಿಡಿದರೆ ಶೇ. 8ರಷ್ಟು ಇಂಥ ಜೋಡಿಗಳಿರಬಹುದು. ಫೈಬ್ರೊಬ್ಲಾಸ್ಟ್‌ನ ಗುರುತಾದ ಕೊಲಾಜನ್ ಜೀನ್‌ಗಳೂ ಜೋರಾಗಿದ್ದವನ್ನು ಕಿತ್ತುಹಾಕಿದೆವು. ಉಳಿದವುಗಳಲ್ಲಿ 3ನೇ ವರ್ಣತಂತುವಿನ ಗಿಡ್ಡ ಭುಜ ಕಳೆದಿದೆಯೇ, 8ರ ಉದ್ದ ಭುಜ ಹೆಚ್ಚಿದೆಯೇ ಎಂದು ಜೀನ್‌ಗಳ ಮಟ್ಟದಿಂದ ಅಂದಾಜಿಸಿದೆವು. ಈ ಕ್ಯಾನ್ಸರಿನಲ್ಲಿ ಅವು ಸಾಮಾನ್ಯ, ಹಾಗಾಗಿ ಕೋಶ ಕ್ಯಾನ್ಸರಿನದೇ ಎಂಬುದಕ್ಕೆ ಗುರುತು. ಗುಂಪು ಬಹಳ ಚಿಕ್ಕದಾಯಿತು, ಆದರೆ ಅಳಿಸಿಹೋಗಲಿಲ್ಲ.

ವಯಸ್ಸಿನ ಪ್ರಶ್ನೆಯನ್ನೂ ಕೇಳುವ ಆಸೆಯಿತ್ತು: ಎಪ್ಪತ್ತರ ಅಜ್ಜನ ಗಡ್ಡೆಯ ಟಿ ಕೋಶಗಳು ಮೂವತ್ತರ ಯುವಕನವುಗಳಿಗಿಂತ ಹೆಚ್ಚು ದಣಿದಿವೆಯೇ? ನಮ್ಮಲ್ಲಿ ಅಜ್ಜಂದಿರದು ಹೊಗೆಸೊಪ್ಪು-ಸುಣ್ಣ, ಹುಡುಗರದು ಗುಟ್ಕಾ. ವಯಸ್ಸು ಯಾವುದು, ಚಟ ಯಾವುದು ಎಂದು ಬಿಡಿಸಲು ಬರಲಿಲ್ಲ. ಸಾವಿರಾರು ಕೋಶಗಳಿವೆಯಲ್ಲ ಎಂದರೆ, ಒಬ್ಬರ ಸಾವಿರ ಕೋಶ ಸಾವಿರ ರೋಗಿಗಳಾಗುವುದಿಲ್ಲ. ಪ್ರತಿ ರೋಗಿಯ ಒಂದೊಂದು ಬಗೆಯ ಕೋಶಗಳ ಜೀನ್ ಎಣಿಕೆಯನ್ನು ಒಟ್ಟುಗೂಡಿಸಿ, ರೋಗಿಯನ್ನೇ ಒಂದು ಎಂದು ಲೆಕ್ಕ ಹಾಕಿದಾಗ ಮೊದಲು ಮಿಂಚುತ್ತಿದ್ದ ವ್ಯತ್ಯಾಸಗಳು ಹೆಚ್ಚಿನವು ಉದುರಿದವು. ಆ ಭಾಗವನ್ನು ವರದಿಯಿಂದ ಬಿಟ್ಟೆ.

ಅಂಚಿನ ಕೋಶಗಳ ಗುಂಪನ್ನು ಈಗ ರೋಗಶಾಸ್ತ್ರ ವಿಭಾಗದ ಹಳೆಯ ಮೇಣದ ಬಿಲ್ಲೆಗಳಲ್ಲಿ (ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕುಗಳು), ಇಂಥ ಕೋಶಗಳ ಗುರುತಾದ ಪೊಡೊಪ್ಲಾನಿನ್ ಪ್ರೋಟೀನಿಗೆ ಬಣ್ಣ ಹಾಕಿ ಹುಡುಕುತ್ತಿದ್ದೇವೆ. ಇದಕ್ಕೆ ಬೆಂಗಳೂರು ಬೇಡ, ಸೂಕ್ಷ್ಮದರ್ಶಕ ಸಾಕು. ದುಗ್ಧಗ್ರಂಥಿಗೆ ಹರಡಿದ್ದವರ, ಹರಡದವರ ಬಿಲ್ಲೆಗಳನ್ನು ಬೇರೆ ಸಹೋದ್ಯೋಗಿಯೊಬ್ಬರು ಹೆಸರು ಮುಚ್ಚಿ ಕೊಡುತ್ತಾರೆ. ಎಣಿಕೆ ಪೂರ್ತಿಯಾಗುವವರೆಗೆ ಯಾವುದು ಯಾರದ್ದೆಂದು ನನಗೂ ಹೇಳಬಾರದು ಎಂದಿದ್ದೇನೆ.